ಮರೆಯ ಬೆಲೆ: ‘ಡೋಟಾ 2’ ಆಟದ ಅದೃಶ್ಯಸಾಧನಗಳ ವಿಮರ್ಶೆ

ಯುದ್ಧದ ಇತಿಹಾಸವನ್ನು ಬರೆಯುವವರು ಆಯುಧಕ್ಕೆ ಕೊಡುವಷ್ಟು ಗಮನವನ್ನು ಮರೆಗೆ ಕೊಡುವುದಿಲ್ಲ. ಆನೆಕುದುರೆಗಳ ಸಂಖ್ಯೆ, ಕೋಟೆಯ ಎತ್ತರ, ವೀರನ ಬಾಹುಬಲ ಇವು ಶಾಸನದಲ್ಲಿಯೂ ಕಾವ್ಯದಲ್ಲಿಯೂ ಧಾರಾಳವಾಗಿ ದೊರೆಯುತ್ತವೆ. ಯಾರು ಯಾರನ್ನು ಮೊದಲು ಕಂಡರು, ಯಾರ ಕಣ್ಣಿಗೆ ಯಾವುದು ಬೀಳದೆ ಹೋಯಿತು ಎಂಬುದು ದೊರೆಯುವುದು ಅಪೂರ್ವ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಗಣಕಯಂತ್ರದ ಮುಂದೆ ಕುಳಿತು ಆಡುವ ‘ಡೋಟಾ 2’ ಎಂಬ ಯುದ್ಧದಾಟವು ಈ ಕೊರತೆಯನ್ನು ಮನಗಾಣಿಸುವುದಕ್ಕೆ ತಕ್ಕ ನಿದರ್ಶನವಾಗಿದೆ. ಆ ಆಟದ ಅದೃಶ್ಯಸಾಧನಗಳನ್ನು ಸಫಲವಾಗಿ ಬಳಸುವ ಬಗೆ ಯಾವುದು, ಆ ಬಗೆಯ ಕುರಿತು ಪ್ರಚಲಿತವಾಗಿರುವ ಅಭಿಪ್ರಾಯ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ವಿವೇಚಿಸಲಾಗುವುದು.

ಆಟವನ್ನರಿಯದವರಿಗಾಗಿ ಅದರ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. 2002ರಲ್ಲಿ ಪ್ರಕಟವಾದ ‘ವಾರ್‌ಕ್ರಾಫ್ಟ್ 3’ ಎಂಬ ಆಟಕ್ಕೆ ಹವ್ಯಾಸಿಗಳು ರಚಿಸಿದ ಹೊಸ ಭೂಪಟದಿಂದ ಇದು ಹುಟ್ಟಿತು. ಅಮೆರಿಕದ ವಾಲ್ವ್ ಸಂಸ್ಥೆಯು 2013ರಲ್ಲಿ ಇದನ್ನು ಸ್ವತಂತ್ರ ರೂಪದಲ್ಲಿ ಹೊರತಂದಿತು. ಐವರೈವರ ಎರಡು ಪಕ್ಷಗಳು, ಮೂರು ದಾರಿಗಳು, ದಾರಿಯುದ್ದಕ್ಕೂ ಕಾವಲು ಗೋಪುರಗಳು, ನಡುವೆ ಕಾಡು. ಎದುರು ಪಕ್ಷದ ಮೂಲಸ್ಥಾನವನ್ನು ಕೆಡವಿದವರಿಗೆ ಜಯ. ತನ್ನವರ ದೃಷ್ಟಿ ತಲುಪದ ನೆಲವೆಲ್ಲ ಆಟಗಾರನಿಗೆ ಮಬ್ಬಾಗಿ ತೋರುತ್ತದೆ. ಅಲ್ಲಿ ವೈರಿಯ ಚಲನೆ ಕಾಣದು. ಆದ್ದರಿಂದ ಈ ಆಟದಲ್ಲಿ ಬಲದ ಹೋರಾಟದ ಜೊತೆಯಲ್ಲಿಯೇ ಅರಿವಿನ ಹೋರಾಟವೂ ನಡೆದಿರುತ್ತದೆ.

ಮರೆಯ ಸಾಧನಗಳಲ್ಲಿ ಎರಡು ಮುಖ್ಯವಾದವು. ಒಂದನೆಯದು ‘ಶ್ಯಾಡೋ ಬ್ಲೇಡ್’ ಎಂಬ ಖಡ್ಗ. ಇದನ್ನು ಪ್ರಯೋಗಿಸಿದವನೊಬ್ಬನೇ ಕೆಲವು ಕ್ಷಣ ಕಾಣದಂತಾಗಿ, ವೇಗವಾಗಿ ನಡೆದು, ಮೊದಲ ಹೊಡೆತವನ್ನು ಹೆಚ್ಚಿನ ಬಲದಿಂದ ಹೊಡೆಯಬಲ್ಲನು. ಹೊಡೆದೊಡನೆ ಮರೆ ಹರಿಯುತ್ತದೆ. ಎರಡನೆಯದು ‘ಸ್ಮೋಕ್ ಆಫ್ ಡಿಸೀಟ್’ ಎಂಬ ಹೊಗೆ. ಇದು ಹತ್ತಿರದಲ್ಲಿರುವ ತನ್ನ ಪಕ್ಷದವರೆಲ್ಲರನ್ನೂ ಒಟ್ಟಿಗೆ ಮರೆಮಾಡುತ್ತದೆ. ವೈರಿಯ ವೀರನಿಗಾಗಲಿ ಗೋಪುರಕ್ಕಾಗಲಿ ಸಮೀಪವಾದೊಡನೆ ಚದರಿಹೋಗುತ್ತದೆ. ಇವಕ್ಕೆ ಪ್ರತಿಯಾಗಿ ನೆಲದಲ್ಲಿ ನೆಡುವ ‘ಸೆಂಟ್ರಿ ವಾರ್ಡ್’, ಎರಚುವ ‘ಡಸ್ಟ್ ಆಫ್ ಅಪಿಯರೆನ್ಸ್’ ಎಂಬ ಪುಡಿ, ಹೊತ್ತವನು ಸತ್ತರೆ ಕೈಜಾರಿ ಬೀಳುವ ‘ಜೆಮ್ ಆಫ್ ಟ್ರೂ ಸೈಟ್’ ಎಂಬ ಮಣಿ ಇವೆ. ಖಡ್ಗದ ಮರೆಯನ್ನು ಇವು ಭೇದಿಸುತ್ತವೆ. ಹೊಗೆಯ ಮರೆಯನ್ನು ಭೇದಿಸಲಾರವು.

ಅದೃಶ್ಯತೆಯೆಂದರೆ ರಕ್ಷಣೆ, ಕಾಣದವನಿಗೆ ಅಪಾಯವಿಲ್ಲ ಎಂಬ ಅಭಿಪ್ರಾಯವು ಆಟಗಾರರಲ್ಲಿ, ವಿಶೇಷವಾಗಿ ಹೊಸಬರಲ್ಲಿ, ಬಳಕೆಯಲ್ಲಿದೆ. ಇದು ಪರೀಕ್ಷೆಗೆ ನಿಲ್ಲುವುದಿಲ್ಲ. ಖಡ್ಗಧಾರಿಯು ಕಾಣದಿದ್ದರೂ ಅಲ್ಲಿಯೇ ಇದ್ದಾನೆ. ಅವನಿರುವ ನೆಲವನ್ನೆಲ್ಲ ವ್ಯಾಪಿಸುವ ಪ್ರಹಾರವು ಅವನನ್ನೂ ತಾಗುತ್ತದೆ. ಆದಕಾರಣ ಸೋತು ಓಡುವವನು ಮರೆಯಾದ ಮೇಲೂ ಹಿಂದಿನ ದಾರಿಯಲ್ಲಿಯೇ ಓಡಿದರೆ ಮರೆಯಾದದ್ದು ವ್ಯರ್ಥ. ಕಾಣದಾದ ಕೂಡಲೆ ಮಗ್ಗುಲಿಗೆ ಸರಿಯುವವನು ಉಳಿಯುತ್ತಾನೆ. ಏಕೆಂದರೆ ಅವನು ವೈರಿಯ ಕಣ್ಣನ್ನಲ್ಲದೆ ಅವನ ಊಹೆಯನ್ನೂ ತಪ್ಪಿಸಿಕೊಂಡನು. ಮರೆಯ ಸಾರವಿರುವುದು ಈ ಊಹೆಯನ್ನು ತಪ್ಪಿಸುವುದರಲ್ಲಿ.

ಹೊಗೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಐವರೂ ಒಮ್ಮೆಗೇ ಭೂಪಟದಿಂದ ಕಾಣೆಯಾದರೆ ಎಚ್ಚರವುಳ್ಳ ವೈರಿಗೆ ಅದೇ ಎಚ್ಚರಿಕೆಯ ಗಂಟೆ. ಅವನು ಹಿಂದಕ್ಕೆ ಸರಿದು ಗೋಪುರದ ಬಳಿ ಸೇರಿಕೊಳ್ಳುತ್ತಾನೆ. ವೈರಿ ನೆಟ್ಟ ಕಾವಲುಗಣ್ಣಿನ ಎದುರಿನಲ್ಲಿಯೇ ಹೊಗೆಯನ್ನು ಬಳಸಿದವರು ತಮ್ಮ ಉದ್ದೇಶವನ್ನು ತಾವೇ ಸಾರಿದಂತೆ. ನುರಿತ ಪಕ್ಷವು ಒಬ್ಬನನ್ನು ದೂರದ ದಾರಿಯಲ್ಲಿ ಬೇಕೆಂದೇ ತೋರಿಸಿ, ಉಳಿದವರನ್ನು ತನ್ನ ನೆಲದೊಳಗೆ ಮರೆಮಾಡಿ ಹೊರಡಿಸುತ್ತದೆ. ಕಾಣುವವನು ಕಾಣದವರಿಗೆ ಹೊದಿಕೆಯಾಗುತ್ತಾನೆ. ಇನ್ನೊಂದು ಸೂಕ್ಷ್ಮವುಂಟು. ಸುತ್ತ ಯಾರೂ ಕಾಣದಿರುವಾಗ ಹೊಗೆ ತಾನಾಗಿ ಚದರಿದರೆ, ಸಮೀಪದಲ್ಲಿಯೇ ವೈರಿ ಇದ್ದಾನೆಂಬ ಸುದ್ದಿಯನ್ನು ಅದು ತಿಳಿಸುತ್ತದೆ. ಹೀಗೆ ಮರೆಯು ಮುರಿಯುವುದರಿಂದಲೂ ಅರಿವು ಲಭಿಸುತ್ತದೆ. ಇದನ್ನು ಬಲ್ಲವನು ಗಾಬರಿಗೊಳ್ಳದೆ ಆ ಕ್ಷಣದಲ್ಲಿಯೇ ಮುಂದುವರಿಯುವುದೋ ಹಿಮ್ಮೆಟ್ಟುವುದೋ ಎಂಬುದನ್ನು ನಿಶ್ಚಯಿಸುತ್ತಾನೆ.

ಈ ವಿಚಾರ ನಮ್ಮ ಪ್ರಾಚೀನರಿಗೆ ಹೊಸದಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ ರಾಮೋಪಾಖ್ಯಾನದಲ್ಲಿ ಇಂದ್ರಜಿತನು ಕಾಣದೆ ನಿಂತು ರಾಮಲಕ್ಷ್ಮಣರನ್ನು ಬಾಣಗಳಿಂದ ಬಂಧಿಸುತ್ತಾನೆ. ಆಗ ಕುಬೇರನು ಕಳುಹಿಸಿದ ಜಲವನ್ನು ಗುಹ್ಯಕನೊಬ್ಬನು ತರುತ್ತಾನೆ. ಅದರಿಂದ ಕಣ್ಣು ತೊಳೆದವರಿಗೆ ಮರೆಯಾದ ಜೀವಿಗಳು ಗೋಚರವಾಗುತ್ತವೆ. ಜಲವು ಬಂದ ಮೇಲೆ ಇಂದ್ರಜಿತನ ಬಲವೇನೂ ಕುಗ್ಗಲಿಲ್ಲ. ಆದರೆ ಅವನ ಯುದ್ಧದ ರೀತಿಯೇ ನಿರರ್ಥಕವಾಯಿತು. ‘ಡೋಟಾ’ದ ಖಡ್ಗಧಾರಿಗೂ ಇದೇ ಪಾಠ: ವೈರಿಯ ಚೀಲದಲ್ಲಿ ಪುಡಿಯಿದೆಯೆಂದು ತಿಳಿದ ಮೇಲೂ ಹಿಂದಿನಂತೆಯೇ ನುಗ್ಗುವವನು ಒಂದೇ ಉಪಾಯದ ಸೆರೆಯಾಳು.

ಕೌಟಿಲ್ಯನ ಅರ್ಥಶಾಸ್ತ್ರವನ್ನೂ ಇಲ್ಲಿ ನೆನೆಯಬೇಕು. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಅದರ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರಷ್ಟೆ. ಅದರ 14ನೆಯ ಅಧಿಕರಣದಲ್ಲಿ ಅದೃಶ್ಯನಾಗಿ ಸಂಚರಿಸುವ ಯೋಗಗಳಿವೆ: ಶಸ್ತ್ರದಿಂದ ಹತನಾದವನ ತಲೆಯೋಡಿನಲ್ಲಿ ಜವೆಯನ್ನು ಬಿತ್ತಿ, ಕುರಿಯ ಹಾಲೆರೆದು, ಮೊಳಕೆಯ ಮಾಲೆಯನ್ನು ಧರಿಸಿದವನು ರೂಪವೂ ನೆರಳೂ ಇಲ್ಲದೆ ನಡೆಯುವನೆಂದು ಒಂದು ಯೋಗ ಹೇಳುತ್ತದೆ. ಆದರೆ ಅದೇ ಗ್ರಂಥಕಾರನು ಮೊದಲನೆಯ ಅಧಿಕರಣದಲ್ಲಿಯೇ ಗೂಢಪುರುಷರ ನೇಮಕವನ್ನು ವಿಸ್ತಾರವಾಗಿ ವಿಧಿಸಿ, ಮೂವರ ವರದಿಗಳು ಒಂದಾದಾಗ ನಂಬಬೇಕೆಂದು ನಿಯಮಿಸುತ್ತಾನೆ. ಜವೆಯ ಮಾಲೆಯು ಗ್ರಂಥದ ಕೊನೆಗೆ ಬಂದರೆ ಚಾರವ್ಯವಸ್ಥೆಯು ಆರಂಭದಲ್ಲಿಯೇ ಬರುತ್ತದೆ. ರಾಜ್ಯವು ನಿಂತಿದ್ದುದು ಎರಡನೆಯದರ ಮೇಲೆ. ಸನ್ಯಾಸಿಯ, ವ್ಯಾಪಾರಿಯ, ಒಕ್ಕಲಿಗನ ವೇಷದಲ್ಲಿ ಎಲ್ಲರ ಕಣ್ಣೆದುರಿಗೇ ಓಡಾಡುತ್ತ ಯಾರ ಗಮನಕ್ಕೂ ಬಾರದಿರುವುದೇ ಕೌಟಿಲ್ಯನ ನಿಜವಾದ ಅದೃಶ್ಯತೆ.

ಇನ್ನು ಆಟದ ದೋಷವನ್ನು ಹೇಳಬೇಕು. ಕಾವಲುಗಣ್ಣನ್ನು ನೆಡುವುದು, ಪುಡಿಯನ್ನು ಕೊಳ್ಳುವುದು, ಹೊಗೆಯನ್ನು ಒದಗಿಸುವುದು, ಇವೆಲ್ಲ ರೂಢಿಯಲ್ಲಿ ‘ಸಪೋರ್ಟ್’ ಎನಿಸಿಕೊಂಡ ಆಟಗಾರನ ಪಾಲು. ಪಕ್ಷದಲ್ಲಿ ಅತ್ಯಲ್ಪ ಸಂಪಾದನೆ ಅವನದೇ. ಆ ಅಲ್ಪದಲ್ಲಿ ಎಲ್ಲರಿಗಾಗಿ ವೆಚ್ಚಮಾಡುವವನೂ ಅವನೇ. ಆಟ ಮುಗಿದಾಗ ಮುಂದಿನ ಸಾಲಿನಲ್ಲಿ ತೋರುವುದು ಯಾರು ಎಷ್ಟು ಜನರನ್ನು ಕೊಂದರು, ಎಷ್ಟು ಹೊನ್ನು ಗಳಿಸಿದರು ಎಂಬ ಅಂಕಿಗಳು. ಸಕಾಲದಲ್ಲಿ ನೆಟ್ಟ ಒಂದು ಕಣ್ಣು ತಪ್ಪಿಸಿದ ಮರಣಗಳಿಗೆ ಅಲ್ಲಿ ಅಂಕಣವಿಲ್ಲ. ನಡೆಯದೆ ಹೋದ ಘಟನೆಯನ್ನು ಎಣಿಸುವುದು ಹೇಗೆ? ಹೊಸಬರು ಹೊಗೆಗಿಂತ ಖಡ್ಗವನ್ನು ಹೆಚ್ಚಾಗಿ ಬಯಸುವುದಕ್ಕೆ ಇದೂ ಕಾರಣವೆಂದು ತೋರುತ್ತದೆ: ಖಡ್ಗದ ಫಲ ಒಬ್ಬನ ಹೆಸರಿಗೆ ಜಮೆಯಾಗುತ್ತದೆ, ಹೊಗೆಯ ಫಲ ಐವರಲ್ಲಿ ಹಂಚಿಹೋಗುತ್ತದೆ.

ಈ ದೋಷ ಆಟವೊಂದರದೇ ಆಗಿದ್ದರೆ ಇಲ್ಲಿ ಪ್ರಸ್ತಾಪಿಸಬೇಕಾಗಿರಲಿಲ್ಲ. ನಾವು ತರಗತಿಯಲ್ಲಿ ಹೇಳಿಕೊಡುವ ಇತಿಹಾಸದ ಲೆಕ್ಕಪಟ್ಟಿಯೂ ಬಹುಮಟ್ಟಿಗೆ ಹೀಗೆಯೇ ಇದೆ. ಗೆದ್ದ ದೊರೆಯ ಬಿರುದುಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಅವನಿಗೆ ದಾರಿ ತೋರಿದವನು, ಕಾಡಿನಲ್ಲಿ ಕಾದು ಕುಳಿತವನು, ಸುದ್ದಿ ತಂದವನು ನಮ್ಮ ಪ್ರಶ್ನಪತ್ರಿಕೆಗಳಲ್ಲಿ ಸುಳಿಯುವುದಿಲ್ಲ. ಅವರ ಕೆಲಸ ಸಫಲವಾದುದರಿಂದಲೇ ಅದು ಆಕರಗಳಲ್ಲಿ ಉಳಿಯಲಿಲ್ಲ. ಆದ್ದರಿಂದ ಆಕರದ ಮೌನವನ್ನು ಅಭಾವವೆಂದು ತಿಳಿಯತಕ್ಕದ್ದಲ್ಲ. ಭೂಪಟದಲ್ಲಿ ಐವರು ಕಾಣದಿದ್ದಾಗ, ಅವರು ಇಲ್ಲವೆಂದುಕೊಳ್ಳದೆ ಎಲ್ಲಿರಬಹುದೆಂದು ಒಳ್ಳೆಯ ಆಟಗಾರನು ಕೇಳುತ್ತಾನೆ. ಶಾಸನಗಳ ಮುಂದೆ ಕುಳಿತ ವಿದ್ಯಾರ್ಥಿಯೂ ಅದೇ ಪ್ರಶ್ನೆಯನ್ನು ಕೇಳುವ ಅಭ್ಯಾಸ ಮಾಡಿಕೊಂಡರೆ, ಆಟದಲ್ಲಿ ಕಳೆದ ಹೊತ್ತು ಪೂರ್ತಿಯಾಗಿ ನಷ್ಟವಾಯಿತೆಂದು ಹೇಳಲಾಗದು.