ಗಿಟ್‌ನಲ್ಲಿ ಕೊಡವ ಹಾಡು

ಕೊಡವ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಕನ್ನಡ ಲಿಪಿಯಲ್ಲಿ ಹೊರತಂದರು. ಅಂಥ ಕೆಲಸವನ್ನು ಇಂದು ಕಂಪ್ಯೂಟರಿನಲ್ಲಿ ಮುಂದುವರಿಸುವವರಿಗೆ ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್ ತಂತ್ರಾಂಶ ಬಹಳ ಒದಗುತ್ತದೆ. ಯಾರು, ಯಾವಾಗ, ಯಾವ ಸಾಲು ತಿದ್ದಿದರೆಂಬುದು ಅದರಲ್ಲಿ ಉಳಿಯುತ್ತದೆ. ಆದರೆ ಕಡತ ಯಾವ ಎನ್‌ಕೋಡಿಂಗ್‌ನಲ್ಲಿದೆ ಎಂದು ಅದು ಕೇಳುವುದೇ ಇಲ್ಲ. ಸಾಲಿನ ತುದಿಯ ಗುರುತಿನ ವಿಷಯ ಬಿಟ್ಟರೆ, ಕೊಟ್ಟ ಬೈಟುಗಳನ್ನು ಹಾಗೆಯೇ ಇಟ್ಟುಕೊಂಡು ಹಾಗೆಯೇ ಮರಳಿಸುತ್ತದೆ. ಈ ನಿಷ್ಠೆ ದೊಡ್ಡ ಗುಣವೇ ಹೌದು, ಕನ್ನಡಕ್ಕೆ ಮಾತ್ರ ಅದು ಸಾಲದು.

‘ಕೊಡಗು’ ಎಂಬ ಪದವನ್ನೇ ನೋಡಿ. ಮೊದಲಕ್ಷರದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ, ಊಕಾರದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಯುಟಿಎಫ್-8ರಲ್ಲಿ ಮೊದಲ ಬಗೆಯ ‘ಕೊ’ಗೆ 6 ಬೈಟು, ಎರಡನೆಯದಕ್ಕೆ 9. ಯೂನಿಕೋಡ್ ಎರಡನ್ನೂ ಸಮಾನವೆನ್ನುತ್ತದೆ, ಪರದೆಯ ಮೇಲೂ ಎರಡೂ ಒಂದೇ. ಗಿಟ್‌ಗೆ ಮಾತ್ರ ಬೇರೆ ಬೇರೆ. ಒಬ್ಬರ ಕೀಲಿಮಣೆ ಒಂದು ರೂಪವನ್ನೂ ಇನ್ನೊಬ್ಬರ ಫಾಂಟ್ ಪರಿವರ್ತಕ ಮತ್ತೊಂದನ್ನೂ ಕೊಟ್ಟರೆ, ಯಾರೂ ಮುಟ್ಟದ ಸಾಲುಗಳೆಲ್ಲ ವ್ಯತ್ಯಾಸ ತೋರಿಸುವ ಡಿಫ್‌ನಲ್ಲಿ ತಿದ್ದಿದಂತೆ ಕಾಣುತ್ತವೆ. ಊರಿಂದೂರಿಗೆ ಒಂದು ಸ್ವರದಷ್ಟೇ ಬದಲಾಗಬಲ್ಲ ಹಾಡಿನ ಪಾಠದಲ್ಲಿ ನಿಜವಾದ ವ್ಯತ್ಯಾಸ ಆ ರಾಶಿಯಡಿ ಹೂತುಹೋಗುತ್ತದೆ. ಇದನ್ನು ನಾನು ಗಿಟ್‌ನ ದೊಡ್ಡ ಕೊರತೆಯೆಂದೇ ಎಣಿಸುತ್ತೇನೆ. ಕಡತದ ಹೆಸರಿನಲ್ಲಿ ಇದೇ ತೊಡಕು ಮ್ಯಾಕ್‌ನಲ್ಲಿ ಬಂದಾಗ ಅದಕ್ಕೊಂದು ಸೆಟ್ಟಿಂಗ್ ಮಾಡಿದರು. ಒಳಗಿನ ಬರಹಕ್ಕೆ ಮಾಡಲಿಲ್ಲ.

ಇನ್ನೊಂದು ತೊಡಕು ಎನ್‌ಕೋಡಿಂಗ್‌ನದು. ಹಳೆಯ ನೋಟ್‌ಪ್ಯಾಡಿನಲ್ಲಿ ‘ಯೂನಿಕೋಡ್’ ಎಂದು ಆರಿಸಿ ಉಳಿಸಿದ ಕಡತ ಯುಟಿಎಫ್-16. ಅದರ ಪ್ರತಿ ಖಾಲಿ ಜಾಗದಲ್ಲೂ ಒಂದು ಶೂನ್ಯ ಬೈಟು ಇರುವುದರಿಂದ ಗಿಟ್ ಅದನ್ನು ಬೈನರಿ, ಅಂದರೆ ಬರಹವಲ್ಲದ್ದು, ಎಂದು ಬದಿಗಿಡುತ್ತದೆ. ಗಿಟ್‌ನ 2018ರ 2.18 ಆವೃತ್ತಿಯಲ್ಲಿ ಬಂದ, ಕಡತದ ಎನ್‌ಕೋಡಿಂಗನ್ನು ಅದಕ್ಕೆ ತಿಳಿಸುವ ವರ್ಕಿಂಗ್-ಟ್ರೀ-ಎನ್‌ಕೋಡಿಂಗ್ ಇದನ್ನು ಚೆನ್ನಾಗಿ ಸರಿಪಡಿಸಿತು.

ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪುಟಗಳಿಗೆ ಆ ಸೌಲಭ್ಯ ಒದಗದು. ಅಲ್ಲಿ ಕಡತದೊಳಗಿರುವುದು ಲ್ಯಾಟಿನ್ ಅಕ್ಷರಗಳು, ಕನ್ನಡವಿರುವುದು ಫಾಂಟಿನ ಚಿತ್ರಗಳಲ್ಲಿ. ಎನ್‌ಕೋಡಿಂಗ್ ಬದಲಿಸಲು ಗಿಟ್ ನೆಚ್ಚಿಕೊಂಡ ಐಕಾನ್ವ್‌ಗೆ ಈ ವಿನ್ಯಾಸಗಳ ಪರಿಚಯವಿಲ್ಲ. ಕಡತ ಗಿಟ್‌ಗೆ ಸೇರುವಾಗ ಓಡುವ ಕ್ಲೀನ್ ಫಿಲ್ಟರ್ ಬರೆದು ಯೂನಿಕೋಡ್ ಪರಿವರ್ತಕವನ್ನು ಜೋಡಿಸಬಹುದು; ಆದರೆ ಫಿಲ್ಟರಿನ ಆಜ್ಞೆ ಭಂಡಾರದ ಜೊತೆ ಬರುವುದಿಲ್ಲ, ಮಡಿಕೇರಿಯವರೂ ವಿರಾಜಪೇಟೆಯವರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಬೇರೆಯಾಗಿ ಹೊಂದಿಸಿಕೊಳ್ಳಬೇಕು. ಒಬ್ಬರು ಮರೆತರೂ ಕೆಟ್ಟ ಬೈಟುಗಳು ಒಳಸೇರುತ್ತವೆ.

ಹಾಗಾಗಿ ಮೊದಲ ಕಮಿಟ್‌ಗೆ ಮುನ್ನವೇ ಎಲ್ಲವನ್ನೂ ಯುಟಿಎಫ್-8ಕ್ಕೆ ತಂದು, ಒಕಾರದಂಥ ಚಿಹ್ನೆಗಳು ಒಂದೇ ಸಂಕೇತವಾಗಿರುವ ಎನ್‌ಎಫ್‌ಸಿ ರೂಪಕ್ಕೆ ಹೊಂದಿಸಿಕೊಳ್ಳಬೇಕು. ನುಡಿಯ ಮೂಲ ಕಡತಗಳನ್ನು ಬೇರೊಂದು ಫೋಲ್ಡರಿನಲ್ಲಿ ಮುಟ್ಟದೆ ಉಳಿಸಬೇಕು, ಪರಿವರ್ತಕ ಎಲ್ಲಾದರೂ ಒತ್ತಕ್ಷರ ಕೆಡಿಸಿದ್ದರೆ ಹೋಲಿಸಿ ತಿದ್ದಲು.