ಭತ್ತ, ರಾಗಿ ಮತ್ತು ಅಕ್ಕಡಿ ಸಾಲು: ಬೇಳೆಯ ಲೆಕ್ಕದಲ್ಲಿ ‘ರಾಮಧಾನ್ಯ ಚರಿತ್ರೆ’

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ನಾವು ಸಾಮಾನ್ಯವಾಗಿ ಜಾತಿಯ ರೂಪಕವಾಗಿ ಓದುತ್ತೇವೆ. ಭತ್ತ ಮೇಲಿನವರ ಧಾನ್ಯ, ರಾಗಿ ದುಡಿಯುವವರ ಧಾನ್ಯ. ರಾಮ ರಾಗಿಯನ್ನು ಎತ್ತಿ ಹಿಡಿದ. ಹದಿನಾರನೆಯ ಶತಮಾನದಲ್ಲೇ ಒಬ್ಬ ದಾಸಕವಿ ಕುಲದ ಹಮ್ಮನ್ನು ಹೀಗೆ ಮುರಿದ. ಈ ಓದಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇದರಲ್ಲಿ ಧಾನ್ಯ ಬರೀ ಸಂಕೇತವಾಗಿ ಉಳಿದುಬಿಡುತ್ತದೆ. ಅದು ತಿನ್ನುವ ವಸ್ತು, ಬೆಳೆಯುವ ಬೆಳೆ ಎಂಬುದು ಹಿಂದೆ ಸರಿಯುತ್ತದೆ. ಧಾನ್ಯವನ್ನು ಧಾನ್ಯವಾಗಿಯೇ ಓದಿ, ಇವತ್ತಿನ ಒಂದು ಪ್ರಶ್ನೆಯನ್ನು ಈ ಕೃತಿಯ ಮುಂದಿಡುವುದು ಇಲ್ಲಿ ನನ್ನ ಉದ್ದೇಶ: ಒಂದು ದೇಶ ತನ್ನ ಜನಕ್ಕೆ ಬೇಕಾದಷ್ಟು ಪ್ರೋಟೀನನ್ನು, ತನ್ನ ನೆಲ-ನೀರು ಕೆಡದಂತೆ, ತಾನೇ ಬೆಳೆದುಕೊಳ್ಳಬಲ್ಲದೆ?

ಕಥೆ ಬಹಳ ಮಂದಿಗೆ ಗೊತ್ತು. ರಾವಣವಧೆಯ ನಂತರ ಅಯೋಧ್ಯೆಗೆ ಮರಳುವ ರಾಮ ದಾರಿಯಲ್ಲಿ ಆಶ್ರಮದಲ್ಲಿ ತಂಗುತ್ತಾನೆ. ಧಾನ್ಯಗಳಲ್ಲಿ ಶ್ರೇಷ್ಠ ಯಾವುದು ಎಂಬ ಮಾತು ಬಂದಾಗ ಗೌತಮ ಮುನಿ ನರೆದಲೆಗವನ್ನು, ಅಂದರೆ ರಾಗಿಯನ್ನು, ಹೆಸರಿಸುತ್ತಾನೆ. ಭತ್ತ ಸಿಟ್ಟಾಗಿ ತನ್ನ ಕುಲವನ್ನೂ ಪೂಜೆ-ಶುಭಕಾರ್ಯಗಳಲ್ಲಿ ತನಗಿರುವ ಸ್ಥಾನವನ್ನೂ ಹೇಳಿಕೊಳ್ಳುತ್ತದೆ. ಕ್ಷಾಮಕಾಲದಲ್ಲಿ ಜನರನ್ನು ಬದುಕಿಸುವುದು ತಾನು ಎಂದು ರಾಗಿ ತಿರುಗೇಟು ಕೊಡುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಬಂದಾಗ ಭತ್ತ ಸೊರಗಿದೆ, ರಾಗಿ ಹಾಗೇ ಇದೆ. ರಾಮ ಅದಕ್ಕೆ ‘ರಾಘವ’ ಎಂದು ತನ್ನ ಹೆಸರನ್ನೇ ಕೊಡುತ್ತಾನೆ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ತೀರ್ಪಿಗಿಂತ ಪರೀಕ್ಷೆಯ ರೀತಿ. ಯಾವುದು ರುಚಿ, ಯಾವುದು ಹೆಚ್ಚು ಇಳುವರಿ ಎಂದು ಕವಿ ಕೇಳಲಿಲ್ಲ. ಕಷ್ಟದ ಕಾಲದಲ್ಲಿ ಯಾವುದು ಬಾಳುತ್ತದೆ ಎಂದು ಕೇಳಿದರು. ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ತುಂಬಿಟ್ಟ ಜನರ ನಡುವೆ ಬದುಕಿದವರಿಗೆ ಮಾತ್ರ ಹೊಳೆಯಬಹುದಾದ ಪರೀಕ್ಷೆ ಅದು. ಇಂದಿನ ಆಹಾರ ನೀತಿಗಳು ತೂಕದ ಲೆಕ್ಕದಲ್ಲೇ ನಿಲ್ಲುವಾಗ, ಐದು ಶತಮಾನ ಹಳೆಯ ಈ ಕಾವ್ಯ ಅವುಗಳಿಗಿಂತ ಒಳ್ಳೆಯ ಪ್ರಶ್ನೆ ಕೇಳಿದೆ.

ಆದರೆ ಸ್ಪರ್ಧೆಯ ಕಟ್ಟಿನಲ್ಲಿ ಒಂದು ಕೊರತೆಯಿದೆ. ವಾದಕ್ಕೆ ನಿಲ್ಲುವವು ಎರಡೂ ಹುಲ್ಲುಜಾತಿಯ ಧಾನ್ಯಗಳೇ. ಭತ್ತದಲ್ಲಿಯೂ ರಾಗಿಯಲ್ಲಿಯೂ ನೂರು ಗ್ರಾಮಿಗೆ ಏಳೆಂಟು ಗ್ರಾಮಿನಷ್ಟೇ ಪ್ರೋಟೀನ್. ಎರಡರಲ್ಲೂ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ತೊಗರಿಬೇಳೆಯಲ್ಲಿ ನೂರಕ್ಕೆ ಇಪ್ಪತ್ತೊಂದು ಗ್ರಾಮಿನಷ್ಟು ಪ್ರೋಟೀನ್ ಇದೆ, ಲೈಸೀನ್ ಧಾರಾಳ. ಅದಕ್ಕೆ ಕೊರತೆಯಿರುವ ಮಿಥಿಯೊನೀನ್ ರಾಗಿಯಲ್ಲಿದೆ. ಮುದ್ದೆಯ ಜೊತೆ ಹುರುಳಿಸಾರು, ಬಸ್ಸಾರು ಬಂದದ್ದು ಸುಮ್ಮನೆ ಅಲ್ಲ. ಗೆದ್ದ ರಾಗಿ ಒಂಟಿಯಾಗಿ ಯಾರನ್ನೂ ಪೂರ್ತಿ ಸಾಕಲಾರದು.

ಇದು ಹಳೆ ಮೈಸೂರಿನ ರೈತರಿಗೆ ತಿಳಿದೇ ಇತ್ತು. ಅವರು ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ಕೆಲವು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ಹರಳು. ಮಳೆ ಕೈಕೊಟ್ಟು ಒಂದು ಹೋದರೆ ಇನ್ನೊಂದು ಉಳಿಯುತ್ತಿತ್ತು. ರಾಗಿ ಕೊಯ್ಲಾದ ಮೇಲೂ ಅವರೆ ಚಳಿಗಾಲದ ಇಬ್ಬನಿಯಲ್ಲಿ ಕಾಯಿ ಕಟ್ಟುತ್ತಿತ್ತು. ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಉದುರಿದ ಎಲೆ, ಕೊಳೆತ ಬೇರಿನ ಮೂಲಕ ಅದರ ಪಾಲು ನೆಲಕ್ಕೂ ಸೇರುತ್ತದೆ. ಆಹಾರ, ಮೇವು, ಗೊಬ್ಬರ ಮೂರೂ ಒಂದೇ ಹೊಲದಲ್ಲಿ.

ಸ್ವತಂತ್ರ ಭಾರತದ ಆಹಾರ ನೀತಿ ಆರಿಸಿಕೊಂಡದ್ದು ಗೆಲ್ಲುವ ಧಾನ್ಯವನ್ನು, ಅಕ್ಕಡಿ ಸಾಲನ್ನಲ್ಲ. 1960ರ ದಶಕದ ಹಸಿವೆಯ ನೆನಪಿರುವವರು ಹಸಿರು ಕ್ರಾಂತಿಯನ್ನು ಹಗುರವಾಗಿ ಹಳಿಯಲಾರರು. ಆದರೆ ಲೆಕ್ಕ ನೋಡಬೇಕು. 1960-61ರಲ್ಲಿ ಗೋಧಿ ಸುಮಾರು 110 ಲಕ್ಷ ಟನ್, ಬೇಳೆಕಾಳು 127 ಲಕ್ಷ ಟನ್. 2023-24ರಲ್ಲಿ ಗೋಧಿ 1,130 ಲಕ್ಷ ಟನ್ ದಾಟಿತು. ಬೇಳೆಕಾಳು 242 ಲಕ್ಷ ಟನ್. ಅಷ್ಟರಲ್ಲಿ ಜನಸಂಖ್ಯೆ 44 ಕೋಟಿಯಿಂದ 140 ಕೋಟಿ ಮೀರಿತ್ತು. 1961ರಲ್ಲಿ ತಲೆಗೆ ದಿನಕ್ಕೆ 69 ಗ್ರಾಂ ಸಿಗುತ್ತಿದ್ದ ಬೇಳೆಕಾಳು 2000ದ ಹೊತ್ತಿಗೆ 32 ಗ್ರಾಮಿಗೆ ಇಳಿದಿತ್ತು. ಆಮೇಲೆ ಸ್ವಲ್ಪ ಏರಿದೆ. ಕಾರಣ ಸರಳ. ಸರ್ಕಾರ ಅಕ್ಕಿ-ಗೋಧಿಯನ್ನು ಖಾತ್ರಿಯಾಗಿ ಕೊಂಡಿತು, ನೀರು-ಯೂರಿಯಾಗಳಿಗೆ ಸಬ್ಸಿಡಿ ಕೊಟ್ಟಿತು; ಬೇಳೆ ಮಳೆಯಾಶ್ರಿತ ಹೊಲಕ್ಕೆ ಸರಿಯಿತು. ಪಂಜಾಬಿನ ಅಂತರ್ಜಲ ಇಳಿಯುತ್ತಿರುವುದು ಇದೇ ಆಯ್ಕೆಯ ಇನ್ನೊಂದು ಮುಖ.

ಅದರ ಬಿಸಿ ಹೆಚ್ಚು ತಟ್ಟಿದ್ದು ಕಲಬುರಗಿಗೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿಯ ಕಣಜ ಅದು. ತೊಗರಿ ಹೊಲದಲ್ಲಿ ನಿಲ್ಲುವುದು ಹೆಚ್ಚುಕಡಿಮೆ ಆರು ತಿಂಗಳು, ರಾಮನ ಸೆರೆಯಷ್ಟೇ ಕಾಲ. ಆ ಅವಧಿಯಲ್ಲಿ ನೆಟೆ ರೋಗ, ಕಾಯಿಕೊರಕ ಹುಳು, ಅಕಾಲಿಕ ಮಳೆ ಎಲ್ಲವನ್ನೂ ಅದು ದಾಟಬೇಕು. ದಾಟಿದ ಮೇಲೆ ಬೆಲೆ ಕಾದಿರುತ್ತದೆ ಎಂಬ ಭರವಸೆಯಿಲ್ಲ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ಆಮದು ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ರೈತರೂ ಹೆಚ್ಚು ಬಿತ್ತಿ, 2017ರ ಆರಂಭದಲ್ಲಿ ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಬೆಲೆ ಏರಿದರೆ ಆಮದು, ಇಳಿದರೆ ಸುಂಕ. ಎರಡರ ನಡುವೆ ಬಿತ್ತನೆಯ ನಿರ್ಧಾರ ರೈತನದು.

ಈ ಆಟದ ಇನ್ನೊಂದು ತುದಿ ನಮ್ಮ ಹತ್ತಿರವೇ ಇದೆ. ಬಾಥೆಲ್‌ನಿಂದ ಕ್ಯಾಸ್ಕೇಡ್ ಪರ್ವತ ದಾಟಿ ಪೂರ್ವಕ್ಕೆ ಐದು ಗಂಟೆ ಕಾರಿನಲ್ಲಿ ಹೋದರೆ ಪಲೂಸ್ ಗುಡ್ಡಗಳು. ಅಲ್ಲಿನ ಪುಲ್‌ಮನ್ ಊರಿನಲ್ಲಿ 1989ರಿಂದ ಮಸೂರದ ಹಬ್ಬವೇ ನಡೆಯುತ್ತಿದೆ. ಅಲ್ಲಿಯ ರೈತರು ಒಂದು ವರ್ಷ ಗೋಧಿ ಬೆಳೆದ ನೆಲದಲ್ಲಿ ಮುಂದೆ ಮಸೂರ, ಬಟಾಣಿ ಅಥವಾ ಕಾಬೂಲಿ ಕಡಲೆ ಬಿತ್ತುತ್ತಾರೆ: ಯಂತ್ರಗಳ ಕಾಲಕ್ಕೆ ಒಗ್ಗಿದ, ವರ್ಷದಿಂದ ವರ್ಷಕ್ಕೆ ಚಾಚಿದ ಅಕ್ಕಡಿ ಸಾಲು. 2017ರ ಕೊನೆಯಲ್ಲಿ ಭಾರತ ಬಟಾಣಿಗೆ ಶೇ. 50, ಕಡಲೆ-ಮಸೂರಕ್ಕೆ ಶೇ. 30 ಸುಂಕ ಹಾಕಿದಾಗ ಈ ಗುಡ್ಡಗಳಿಗೂ ಏಟು ಬಿತ್ತು. 2019ರಲ್ಲಿ ಅಮೆರಿಕದ ಸರಕಿನ ಮೇಲೆ ಪ್ರತೀಕಾರದ ಸುಂಕವೂ ಸೇರಿತು. ಅದು ಹೋದದ್ದು 2023ರಲ್ಲಿ. ಕಲಬುರಗಿಯ ರೈತನೂ ಪಲೂಸ್‌ನ ರೈತನೂ ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಆದೇಶಕ್ಕೆ ಕಾಯುತ್ತಾರೆ.

ಹಾಗಾದರೆ ಭಾರತಕ್ಕೆ ಸಾಧ್ಯವೆ? ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ ಊಟದ ತಟ್ಟೆಯಲ್ಲಿ 2,000 ಕ್ಯಾಲೊರಿಗೆ 85 ಗ್ರಾಂ ಬೇಳೆಕಾಳು ಇದೆ. 140 ಕೋಟಿ ಜನಕ್ಕೆ ಗುಣಿಸಿದರೆ ವರ್ಷಕ್ಕೆ ಸುಮಾರು 434 ಲಕ್ಷ ಟನ್. ಮಕ್ಕಳ ಪಾಲು ಕಡಿಮೆ. ಮೊಟ್ಟೆ, ಮೀನು, ಮಾಂಸ ತಿನ್ನುವವರಿಗೆ ಅಷ್ಟು ಬೇಡ. ಆದ್ದರಿಂದ ಇದು ಮೇಲ್ಮಿತಿ. 2024-25ರಲ್ಲಿ ಆಮದು 70 ಲಕ್ಷ ಟನ್ ಮೀರಿತು. 2025ರ ಅಕ್ಟೋಬರ್‌ನಲ್ಲಿ ಆರಂಭವಾದ ಬೇಳೆಕಾಳು ಸ್ವಾವಲಂಬನೆ ಅಭಿಯಾನದ ವೆಚ್ಚ 11,440 ಕೋಟಿ ರೂಪಾಯಿ. ಗುರಿ 2030-31ಕ್ಕೆ 350 ಲಕ್ಷ ಟನ್. ನೋಂದಾಯಿತ ರೈತರು ತಂದ ತೊಗರಿ, ಉದ್ದು, ಮಸೂರಗಳನ್ನು ನಾಲ್ಕು ವರ್ಷ ಪೂರ್ತಿಯಾಗಿ ಕೊಳ್ಳುವ ಭರವಸೆಯೂ ಇದೆ. ಅದರಲ್ಲಿ ಗುರಿಗಿಂತ ಈ ಭರವಸೆಯೇ ಬೆಲೆಯುಳ್ಳದ್ದು. ನಾಲ್ಕೇ ವರ್ಷ ಎಂಬುದು ನನ್ನ ಆಕ್ಷೇಪ. ಅಕ್ಕಿ-ಗೋಧಿಗೆ ಅರ್ಧ ಶತಮಾನ ಸಿಕ್ಕಿದೆ. ಅದೇ ತಿಂಗಳು ಕರ್ನಾಟಕ ಸಂಪುಟ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿಬೇಳೆ ಮುಂತಾದವುಗಳ ಆಹಾರ ಕಿಟ್‌ಗೆ ಒಪ್ಪಿದ್ದು ಸರಿಯಾದ ದಿಕ್ಕು. ಪಡಿತರದಲ್ಲಿ ಬೇಳೆ ಶಾಶ್ವತವಾಗಿ ಬಂದರೆ ಕೊಳ್ಳುವ ಕೈ ಶಾಶ್ವತವಾಗುತ್ತದೆ. ಆಗ ರೈತ ಬಿತ್ತುತ್ತಾನೆ.

ನೆಲ, ಬಿತ್ತನೆ ಬೀಜ, ತಿಳಿವಳಿಕೆ ಮೂರೂ ಇವೆ. 1986ರಲ್ಲಿ ಬಂದ ‘ಮಾರುತಿ’ ತಳಿ ನೆಟೆ ರೋಗವನ್ನು ತಡೆಯಬಲ್ಲದೆಂದು ತೋರಿಸಿತ್ತು. ಇಲ್ಲದಿರುವುದು ಒಂದು ಧಾನ್ಯವನ್ನು ಗೆಲ್ಲಿಸುವ ಚಟದಿಂದ ಬಿಡುಗಡೆ. ಕನಕದಾಸರು ಅನ್ನದ ದರ್ಬಾರಿನಲ್ಲಿ ಬಡವರ ಧಾನ್ಯಕ್ಕೆ ಆಸನ ಕೊಡಿಸಿದರು. ಅದು ದೊಡ್ಡ ಕೆಲಸ. ಆದರೆ ನಮ್ಮ ಮಕ್ಕಳಿಗೆ ಈ ಕಥೆ ಹೇಳುವಾಗ, ಗೆದ್ದ ರಾಗಿಯ ಪಕ್ಕದ ಸಾಲಿನಲ್ಲಿ ನಿಂತಿದ್ದ ಅವರೆಯ ಹೆಸರನ್ನೂ ಹೇಳಬೇಕು. ರಾಗಿ ತಿಂದವರು ಗಟ್ಟಿಯಾಗಿ ಬಾಳಿದ್ದರಲ್ಲಿ ಅದಕ್ಕೂ ಪಾಲಿದೆ.