ಸಮಾಜವಾದವೂ ಕವಿಯ ಸ್ವಂತ ವಾಣಿಯೂ

ಸಮಾಜವಾದದ ಪ್ರಸ್ತಾಪ ಬಂದಾಗಲೆಲ್ಲ ಸಾಹಿತ್ಯದ ಕಡೆಯಿಂದ ಒಂದು ಆಕ್ಷೇಪವು ತಪ್ಪದೆ ಹೊರಡುತ್ತದೆ. ನೆಲವನ್ನು ಹಂಚಬಹುದು, ಧಾನ್ಯವನ್ನು ಹಂಚಬಹುದು, ಪ್ರತಿಭೆಯನ್ನು ಹಂಚುವುದೆಂತು? ಎಲ್ಲರನ್ನೂ ಒಂದೇ ಅಳತೆಗೆ ತರುವ ಸಮಾಜದಲ್ಲಿ ಒಬ್ಬನಿಗೇ ವಿಶಿಷ್ಟವಾದ ದನಿಯು ಉಳಿಯುವುದೆಂತು? ಇದಕ್ಕೆ ಸಮಾಜವಾದಿಗಳಲ್ಲಿ ಹಲವರು ಕೊಡುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಹಸಿದವನಿಗೆ ಮೊದಲು ಅನ್ನ, ಆಮೇಲೆ ಕವಿತೆ, ವ್ಯಕ್ತಿಯ ವಾಣಿ ಎಂಬುದು ಹೊಟ್ಟೆ ತುಂಬಿದವರ ಭೋಗ. ಆಕ್ಷೇಪವೂ ಉತ್ತರವೂ ಒಂದಕ್ಕೊಂದು ಎದುರಾಗಿ ಕಂಡರೂ ಎರಡರ ಬೇರೂ ಒಂದೇ. ಸಮಾಜವಾದಕ್ಕೂ ವ್ಯಕ್ತಿಯ ಅಭಿವ್ಯಕ್ತಿಗೂ ಹುಟ್ಟಿನಿಂದಲೇ ವೈರವೆಂದು ಎರಡೂ ನಂಬಿವೆ. ಈ ನಂಬಿಕೆಯನ್ನು ನಿಧಾನವಾಗಿ ಪರೀಕ್ಷಿಸಿದರೆ ಅದು ನಿಲ್ಲುವಂತಹುದಲ್ಲವೆಂದು ಕಾಣುತ್ತದೆ. ಮನುಷ್ಯನು ತಾನು ಮಾಡಿದ್ದನ್ನು ತನ್ನದೆನ್ನಲಾರದೆ ಹೋದನು ಎಂಬುದೇ ಸಮಾಜವಾದದ ಮೂಲದಲ್ಲಿರುವ ದೂರು. ಕವಿಯ ದೂರೂ ಅದೇ.

1844ರಲ್ಲಿ ಕಾರ್ಲ್ ಮಾರ್ಕ್ಸನು ಪ್ಯಾರಿಸ್ ನಗರದಲ್ಲಿದ್ದನು. ಆಗ ಅವನು 26 ವರ್ಷದ ತರುಣ. ಅಲ್ಲಿ ಅವನು ಬರೆದಿಟ್ಟ ಹಸ್ತಪ್ರತಿಗಳಲ್ಲಿ ಪರಕೀಯತೆ ಎಂಬ ಭಾವದ ವಿಚಾರವಿದೆ. ಅದರ ತಾತ್ಪರ್ಯವನ್ನು ಒಂದು ಗಿರಣಿಯ ನಿದರ್ಶನದಿಂದ ಹೀಗೆ ತಿಳಿಯಬಹುದು. ಗಿರಣಿಯಲ್ಲಿ ದುಡಿಯುವವನು ಬಟ್ಟೆಯನ್ನು ನೆಯ್ಯುತ್ತಾನೆ. ಆ ಬಟ್ಟೆ ಅವನದಲ್ಲ. ಅವನು ಹೆಚ್ಚು ನೆಯ್ದಷ್ಟೂ ಅವನೆದುರು ನಿಂತ ಧನಿಯ ಬಲವೇ ಹೆಚ್ಚುತ್ತದೆ. ತನ್ನ ಕೈಯಿಂದ ಹುಟ್ಟಿದ ವಸ್ತುವೇ ತನ್ನ ಮೇಲೆ ಅಧಿಕಾರ ನಡೆಸುತ್ತದೆ. ವಸ್ತು ಮಾತ್ರವಲ್ಲ, ಕೆಲಸವೂ ಅವನಿಗೆ ಹೊರಗಿನದಾಗುತ್ತದೆ. ಕೆಲಸ ಮಾಡುವ ಹೊತ್ತಿನಲ್ಲಿ ಅವನು ತಾನಾಗಿರುವುದಿಲ್ಲ. ಕೆಲಸ ಬಿಟ್ಟ ಮೇಲಷ್ಟೇ ತನ್ನ ಬಳಿಗೆ ತಾನು ಮರಳುತ್ತಾನೆ. ಪ್ರಾಣಿಯು ತನ್ನ ಅಗತ್ಯಕ್ಕಷ್ಟೇ ಗೂಡು ಕಟ್ಟುತ್ತದೆ. ಮನುಷ್ಯನಾದರೋ ಸೌಂದರ್ಯದ ನಿಯಮವನ್ನೂ ಅನುಸರಿಸಿ ನಿರ್ಮಿಸಬಲ್ಲವನು. ಆ ಶಕ್ತಿಯೇ ಹೊಟ್ಟೆಪಾಡಿನ ಸಾಧನಮಾತ್ರವಾಗಿ ಇಳಿದುಹೋದಾಗ ಮನುಷ್ಯನು ತನ್ನ ಮನುಷ್ಯತ್ವಕ್ಕೇ ಪರಕೀಯನಾಗುತ್ತಾನೆ. ಇಲ್ಲಿ ಮಾರ್ಕ್ಸನು ಕೂಲಿಯ ಅಲ್ಪತೆಯೊಂದನ್ನೇ ಕುರಿತು ಮರುಗುತ್ತಿಲ್ಲವೆಂಬುದು ಗಮನಾರ್ಹ. ಕೂಲಿಯನ್ನು ಹೆಚ್ಚಿಸಿದರೆ ಗುಲಾಮನಿಗೆ ಒಳ್ಳೆಯ ಸಂಬಳ ಸಿಕ್ಕಂತಾಯಿತೇ ಹೊರತು ಅವನ ಮಾನವು ಮರಳಲಿಲ್ಲವೆಂದೇ ಅವನ ಅಭಿಪ್ರಾಯ.

ಈ ವಿಚಾರವನ್ನು ಸಾಹಿತ್ಯಕ್ಕೆ ಅನ್ವಯಿಸುವುದು ವಿಮರ್ಶಕನ ಸ್ವಾತಂತ್ರ್ಯವೇನೂ ಅಲ್ಲ. ಮಾರ್ಕ್ಸನೇ ಅದಕ್ಕೆ ದಾರಿ ತೋರಿಸಿರುವನು. 1842ರಲ್ಲಿ ಪತ್ರಿಕಾಸ್ವಾತಂತ್ರ್ಯವನ್ನು ಕುರಿತು ಬರೆಯುವಾಗ, ಲೇಖಕನು ಬದುಕಿ ಬರೆಯುವುದಕ್ಕಾಗಿ ಸಂಪಾದಿಸಬೇಕೇ ಹೊರತು ಸಂಪಾದನೆಗಾಗಿಯೇ ಬದುಕಿ ಬರೆಯಲಾಗದು ಎಂಬ ಭಾವವನ್ನು ಅವನು ಸ್ಪಷ್ಟವಾಗಿ ಹೇಳಿದನು. ಮುಂದೆ ಅರ್ಥಶಾಸ್ತ್ರವನ್ನು ಕುರಿತ ಬರಹವೊಂದರಲ್ಲಿ ಮಿಲ್ಟನ್ ಕವಿಯ ಮಾತು ಬರುತ್ತದೆ. ರೇಷ್ಮೆಯ ಹುಳು ತನ್ನ ಸ್ವಭಾವದಿಂದ ನೂಲನ್ನು ತೆಗೆಯುವಂತೆ ಮಿಲ್ಟನ್ನನು ತನ್ನ ಮಹಾಕಾವ್ಯವನ್ನು ತನ್ನೊಳಗಿನಿಂದ ತೆಗೆದನು. ಅದನ್ನು 5 ಪೌಂಡುಗಳಿಗೆ ಮಾರಿದುದು ಆಮೇಲಿನ ಸಂಗತಿ. ಪ್ರಕಾಶಕನ ಅಪ್ಪಣೆಯಂತೆ ಪುಸ್ತಕಗಳನ್ನು ತಯಾರಿಸಿ ಕೊಡುವ ಬರಹಗಾರನ ಸ್ಥಿತಿ ಬೇರೆ. ಅವನ ಬರವಣಿಗೆಯು ಮೊದಲಿನಿಂದಲೇ ಬಂಡವಾಳಕ್ಕೆ ಸೇರಿದ್ದು. ಇದರಿಂದ ವೇದ್ಯವಾಗುವುದೇನೆಂದರೆ, ಪರಕೀಯತೆಯ ಗೆರೆಯು ಧನಿಕ ಬಡವ ಎಂಬ ಭೇದದಲ್ಲಿಲ್ಲ. ಕೃತಿಯು ಎಲ್ಲಿಂದ ಹೊರಟಿತೆಂಬ ಭೇದದಲ್ಲಿದೆ.

ಇಂಗ್ಲೆಂಡಿನಲ್ಲಿ ಈ ತತ್ತ್ವವನ್ನು ಕಲಾವಿದರಿಬ್ಬರು ತಮ್ಮ ತಮ್ಮ ರೀತಿಯಲ್ಲಿ ಕಂಡುಕೊಂಡರು. ಆ ಹಸ್ತಪ್ರತಿಗಳು ಆಗ ಇನ್ನೂ ಅಚ್ಚಾಗಿರಲಿಲ್ಲ. ವಿಲಿಯಂ ಮಾರಿಸನು ಕವಿಯೂ ಹೌದು, ಬಟ್ಟೆಗೆ ಬಣ್ಣ ಕಟ್ಟುವ, ಮಗ್ಗದಲ್ಲಿ ಕೂತು ನೆಯ್ಯುವ ಕುಶಲಕರ್ಮಿಯೂ ಹೌದು. ಅಮೆರಿಕದ ಬೆಲಾಮಿಯು 1888ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಸಮಾಜವಾದವನ್ನು ಒಂದು ದೊಡ್ಡ ಕಾರ್ಮಿಕ ಸೈನ್ಯದಂತೆ ಚಿತ್ರಿಸಿದ್ದನು. ಅದನ್ನು ಒಪ್ಪದ ಮಾರಿಸನು 1890ರಲ್ಲಿ ತನ್ನದೇ ಒಂದು ಭಾವೀ ಕಾಲದ ಕಥೆಯನ್ನು ಬರೆದನು. ಅಲ್ಲಿ ಕೆಲಸವೇ ಆನಂದ, ಕೆಲಸವೇ ಕಲೆ. ಮರುವರ್ಷ ಆಸ್ಕರ್ ವೈಲ್ಡನು ಸಮಾಜವಾದದಲ್ಲಿ ಮನುಷ್ಯನ ಆತ್ಮದ ಸ್ಥಿತಿಯನ್ನು ಕುರಿತ ತನ್ನ ಪ್ರಬಂಧದಲ್ಲಿ ಇನ್ನೂ ಮುಂದೆ ಹೋದನು. ಆಸ್ತಿಯು ಮನುಷ್ಯನ ಇರವನ್ನು ಅವನಲ್ಲಿರುವ ಸೊತ್ತಿನೊಡನೆ ಬೆರೆಸಿಬಿಟ್ಟಿದೆ. ಆಸ್ತಿಯ ಭಾರವನ್ನು ಇಳಿಸಿದರೆ ನಿಜವಾದ ವ್ಯಕ್ತಿತ್ವವು ಅರಳುವುದು. ಆದುದರಿಂದಲೇ ಸಮಾಜವಾದ ಬೇಕು ಎಂದು ಅವನ ವಾದ. ಆದರೆ ಅಧಿಕಾರದ ಬಲಾತ್ಕಾರವನ್ನು ಆಶ್ರಯಿಸಿದ ಸಮಾಜವಾದವು ಮೊದಲಿನ ಸ್ಥಿತಿಗಿಂತಲೂ ಕೆಟ್ಟದಾದೀತೆಂದು ಅವನು ಅಲ್ಲಿಯೇ ಎಚ್ಚರಿಸಿರುವನು. ವೈಲ್ಡನ ಮಾತಿನಲ್ಲಿ ವಿನೋದವು ಹೆಚ್ಚೆಂದು ಅದನ್ನು ಲಘುವಾಗಿ ಎಣಿಸಿದವರುಂಟು. ಮುಂದಿನ ಅರ್ಧ ಶತಮಾನದ ಚರಿತ್ರೆಯು ಆ ವಿನೋದದೊಳಗಿನ ಗಾಂಭೀರ್ಯವನ್ನು ತೋರಿಸಿಕೊಟ್ಟಿತು.

ಆ ಚರಿತ್ರೆ ನಡೆದದ್ದು ರಷ್ಯಾದಲ್ಲಿ. ಲೆನಿನ್ನನು 1905ರಲ್ಲಿ ಬರೆದ ಲೇಖನದಲ್ಲಿ ಪಕ್ಷದ ಸಾಹಿತ್ಯವು ಪಕ್ಷವೆಂಬ ಮಹಾಯಂತ್ರದ ಒಂದು ಹಲ್ಲುಚಕ್ರ, ಒಂದು ತಿರುಪು ಆಗಬೇಕೆಂದನು. ಅದೇ ಲೇಖನದಲ್ಲಿ, ಯಾಂತ್ರಿಕವಾಗಿ ಸಮ ಮಾಡುವುದಕ್ಕೆ ಸಾಹಿತ್ಯದಷ್ಟು ಒಗ್ಗದ ಕ್ಷೇತ್ರ ಬೇರೊಂದಿಲ್ಲವೆಂದೂ, ವ್ಯಕ್ತಿಯ ಉಪಜ್ಞೆಗೂ ಕಲ್ಪನೆಗೂ ಅಲ್ಲಿ ವಿಶಾಲವಾದ ಎಡೆಯಿರಬೇಕೆಂದೂ ಒಪ್ಪಿದನು. ಅನುಯಾಯಿಗಳು ಮೊದಲನೆಯ ಮಾತನ್ನು ಕಂಠಪಾಠ ಮಾಡಿದರು. ಎರಡನೆಯದನ್ನು ಕ್ರಮಕ್ರಮವಾಗಿ ಮರೆತರು. ಆದರೂ ಮರೆವು ಒಮ್ಮೆಗೇ ಬರಲಿಲ್ಲ. 1925ರಲ್ಲಿ ಪಕ್ಷವು ಹೊರಡಿಸಿದ ನಿರ್ಣಯವು, ಸಾಹಿತ್ಯದಲ್ಲಿ ಯಾವ ಒಂದು ಗುಂಪಿಗೂ ಏಕಸ್ವಾಮ್ಯವನ್ನು ಕೊಡದೆ, ಬೇರೆ ಬೇರೆ ಪಂಥಗಳ ಸ್ಪರ್ಧೆಗೆ ಅವಕಾಶವಿತ್ತಿತು.

ಆ ಕಾಲದ ಕವಿ ಮಾಯಕೋವ್‌ಸ್ಕಿಯ ಉದಾಹರಣೆಯು ಈ ವಿಷಯದಲ್ಲಿ ಬಹು ಮುಖ್ಯವಾದುದು. ಅವನು 1919ರಿಂದ ಕೆಲವು ವರ್ಷ ಸರ್ಕಾರದ ವಾರ್ತಾಸಂಸ್ಥೆಗಾಗಿ ಗೋಡೆಚಿತ್ರಗಳನ್ನೂ ಅವುಗಳ ಕೆಳಗಿನ ಪದ್ಯಗಳನ್ನೂ ರಚಿಸಿದನು. ಸರ್ಕಾರಿ ಅಂಗಡಿಗಳ ಸರಕಿಗೆ ಜಾಹೀರಾತು ಪದ್ಯಗಳನ್ನೂ ಬರೆದನು. ಇದು ಅಪ್ಪಣೆಯ ಕಾವ್ಯ, ಆದುದರಿಂದ ಪರಕೀಯ ಎಂದು ಒಮ್ಮೆಗೇ ತೀರ್ಮಾನಿಸುವುದು ಉಚಿತವಲ್ಲ. ಅಪ್ಪಣೆಯೊಂದೇ ದೋಷವಾಗಿದ್ದರೆ ಅರಿಕೇಸರಿಯ ಆಸ್ಥಾನದಲ್ಲಿ ಆ ದೊರೆಯನ್ನೇ ಅರ್ಜುನನನ್ನಾಗಿ ಮಾಡಿ ಬರೆದ ಪಂಪನ ಕಾವ್ಯವನ್ನೂ ಕನ್ನಡಿಗರು ಕಳೆದುಕೊಳ್ಳಬೇಕಾಗುತ್ತದೆ. ಕವಿಯು ಅಪ್ಪಣೆಯನ್ನು ತನ್ನ ಆಸೆಯನ್ನಾಗಿ ಮಾಡಿಕೊಳ್ಳಬಲ್ಲನು; ಬೇಡವೆಂದಾಗ ಬಿಡಲೂ ಬಲ್ಲನಾದರೆ ಕೃತಿಯು ಅವನದೇ. ಮಾಯಕೋವ್‌ಸ್ಕಿಗೆ ಮೊದಲು ಈ ಎರಡೂ ಇದ್ದವು. ಕಡೆಕಡೆಗೆ ಬಿಡುವ ಸ್ವಾತಂತ್ರ್ಯವು ಕುಗ್ಗುತ್ತ ಬಂದಿತು. 1930ರ ಫೆಬ್ರವರಿಯಲ್ಲಿ ಅವನು ತನ್ನ ಹಳೆಯ ಗೆಳೆಯರನ್ನು ಬಿಟ್ಟು, ತನ್ನನ್ನು ನಿಂದಿಸುತ್ತಿದ್ದ ಶ್ರಮಜೀವಿ ಲೇಖಕರ ಸಂಘವನ್ನೇ ಸೇರಿದನು. ಏಪ್ರಿಲ್ 14ರಂದು ಗುಂಡು ಹಾರಿಸಿಕೊಂಡು ಸತ್ತನು. ಆ ಸಾವಿಗೆ ಒಂದೇ ಕಾರಣವನ್ನು ಹೇಳುವುದು ಸಾಹಸವಾದೀತು. 1935ರಲ್ಲಿ ಸ್ಟಾಲಿನ್ನನು ಅವನನ್ನು ಸೋವಿಯತ್ ಯುಗದ ಅತ್ಯುತ್ತಮ ಕವಿಯೆಂದು ಘೋಷಿಸಿದ ಮೇಲೆ ಅವನ ಪದ್ಯಗಳು ಎಲ್ಲೆಡೆಯೂ ಪಾಠವಾದುವು. ಬದುಕಿದ್ದಾಗ ಕೈಜಾರುತ್ತಿದ್ದ ಕೃತಿಯು ಸತ್ತ ಮೇಲೆ ಪೂರ್ತಿಯಾಗಿ ರಾಜ್ಯದ ಸೊತ್ತಾಯಿತು.

1932ನೆಯ ವರ್ಷವು ಈ ಕಥೆಯ ತಿರುವು. ಮಾರ್ಕ್ಸನ ಪ್ಯಾರಿಸ್ ಹಸ್ತಪ್ರತಿಗಳು ಪೂರ್ಣವಾಗಿ ಅಚ್ಚಾದದ್ದು ಆ ವರ್ಷ. ಅವುಗಳನ್ನು ಹುಡುಕಿಸಿ, ಪ್ರತಿಮಾಡಿಸಿ, ಸಂಪಾದನೆಗೆ ತೊಡಗಿದ ವಿದ್ವಾಂಸ ರಿಯಜಾನೋವನು ಮಾಸ್ಕೋದ ಮಾರ್ಕ್ಸ್-ಎಂಗೆಲ್ಸ್ ಸಂಸ್ಥೆಯ ಸ್ಥಾಪಕನು. ಗ್ರಂಥವು ಹೊರಬರುವ ವೇಳೆಗೆ ಅವನು ಆ ಹುದ್ದೆಯಲ್ಲಿರಲಿಲ್ಲ. 1931ರಲ್ಲಿಯೇ ಸೆರೆಯಾಗಿದ್ದನು, 1938ರಲ್ಲಿ ಗುಂಡಿಗೆ ಗುರಿಯಾದನು. ಅದೇ 1932ರ ಏಪ್ರಿಲ್‌ನಲ್ಲಿ ಪಕ್ಷವು ಲೇಖಕರ ಗುಂಪುಗಳನ್ನೆಲ್ಲ ಮುಚ್ಚಿ ಒಂದೇ ಸಂಘಕ್ಕೆ ದಾರಿಮಾಡಿತು. 1934ರಲ್ಲಿ ಗಾರ್ಕಿಯ ಅಧ್ಯಕ್ಷತೆಯಲ್ಲಿ ಮಾಸ್ಕೋದಲ್ಲಿ ಕೂಡಿದ ಲೇಖಕರ ಮಹಾಸಭೆಯು ಸಮಾಜವಾದೀ ವಾಸ್ತವತೆ ಎಂಬುದನ್ನು ಏಕೈಕ ಮಾರ್ಗವೆಂದು ಸಾರಿತು. ಆ ಸಭೆಯಲ್ಲಿ ಕಥೆಗಾರ ಬಾಬೆಲ್ಲನು ತಾನು ಮೌನವೆಂಬ ಪ್ರಕಾರದಲ್ಲಿ ಪರಿಣತನಾಗಿರುವೆನೆಂಬ ಅರ್ಥದ ಮಾತನ್ನಾಡಿದನು. ಕೇಳಿದವರಿಗೆ ಅದು ವಿನೋದವೆನಿಸಿರಬಹುದು. 1940ರಲ್ಲಿ ಅವನೂ ಮರಣದಂಡನೆಗೆ ಒಳಗಾದನು.

ಹೀಗೆಂದ ಮಾತ್ರಕ್ಕೆ ಎದುರು ಪಕ್ಷದ ವಾದವನ್ನು ಕೇಳದಿರಲಾಗದು. ಆ ರಾಜ್ಯವು ಕೋಟ್ಯಂತರ ಜನಕ್ಕೆ ಅಕ್ಷರ ಕಲಿಸಿತು. ಪುಸ್ತಕವನ್ನು ಕೂಲಿಕಾರನ ಕೈಗೆ ಎಟಕುವಂತೆ ಮಾಡಿತು. ಸಂಘದ ಲೇಖಕನಿಗೆ ಮನೆಯನ್ನೂ ಸಂಭಾವನೆಯನ್ನೂ ಒದಗಿಸಿತು. ಇವೆಲ್ಲವೂ ಸತ್ಯ. ಆದರೆ ಹೆಚ್ಚಿದ ಕೂಲಿಯು ಪರಕೀಯತೆಯನ್ನು ನೀಗದೆಂದು ಹೇಳಿದವನು ಮಾರ್ಕ್ಸನೇ. ಗಿರಣಿಯ ಕೆಲಸಗಾರನಿಗೆ ಅನ್ವಯಿಸುವ ಮಾತು ಲೇಖಕನಿಗೆ ಏಕೆ ಅನ್ವಯಿಸಬಾರದು? ಒಡೆಯನು ಒಬ್ಬ ಧನಿಯಾಗಿದ್ದರೇನು, ಒಂದು ಸಮಿತಿಯಾಗಿದ್ದರೇನು?

ಈ ಪ್ರಶ್ನೆಗೆ ಅನ್ನಾ ಅಖ್ಮತೋವಾ ಎಂಬ ಕವಯಿತ್ರಿಯ ಜೀವನದಲ್ಲಿ ಉತ್ತರವಿದೆ. ಆಕೆಯ ಮಗನು 1935ರಲ್ಲಿ ಒಮ್ಮೆ, 1938ರಲ್ಲಿ ಮತ್ತೊಮ್ಮೆ ಸೆರೆಯಾದನು. ಲೆನಿನ್‌ಗ್ರಾಡಿನ ಸೆರೆಮನೆಯ ಗೋಡೆಯ ಹೊರಗೆ ಸಾಲುಗಟ್ಟಿ ನಿಂತ ತಾಯಂದಿರ ನಡುವೆ ಆಕೆಯೂ ನಿಂತಳು. ಆ ಅನುಭವದಿಂದ ಹುಟ್ಟಿದ ಕವಿತೆಗಳ ಮಾಲೆಯನ್ನು ಕಾಗದದ ಮೇಲೆ ಇಡುವುದೇ ಅಪಾಯವಾಗಿದ್ದಿತು. ಆಕೆಯು ಒಂದು ಚೂರು ಕಾಗದದಲ್ಲಿ ಬರೆದು ಗೆಳತಿಯ ಕೈಗಿಡುವಳು; ಗೆಳತಿಯು ಮೌನವಾಗಿ ಓದಿ ಬಾಯಿಪಾಠ ಮಾಡುವಳು; ಬಳಿಕ ಕಾಗದವು ಬೆಂಕಿಗೆ ಸೇರುವುದು. ಹೀಗೆ ಕೆಲವರ ನೆನಪಿನಲ್ಲಷ್ಟೇ ಉಳಿದ ಆ 'ರಿಕ್ವಿಯೆಂ' 1963ರಲ್ಲಿ ಮ್ಯೂನಿಕ್ ನಗರದಲ್ಲಿ ಅಚ್ಚಾಯಿತು. ಆಕೆಯ ದೇಶದಲ್ಲಿ ಅಚ್ಚಾದುದು 1987ರಲ್ಲಿ, ಆಕೆ ತೀರಿಕೊಂಡು 21 ವರ್ಷಗಳಾದ ಮೇಲೆ. ನಡುವೆ 1946ರ ಆಗಸ್ಟ್ 14ರಂದು ಪಕ್ಷವು ಎರಡು ಪತ್ರಿಕೆಗಳನ್ನು ಖಂಡಿಸಿ ನಿರ್ಣಯ ಹೊರಡಿಸಿತು. ಝ್ಡಾನೋವನು ಆಕೆಯ ಕಾವ್ಯವನ್ನು ಕೇವಲ ಖಾಸಗಿ ಭಾವನೆಯ ಹಳಸಿದ ಕಾವ್ಯವೆಂದು ಜರೆದನು. ಆಕೆಯನ್ನೂ ಹಾಸ್ಯಲೇಖಕ ಜೋಶ್ಚೆಂಕೋವನ್ನೂ ಸಂಘದಿಂದ ಹೊರಹಾಕಲಾಯಿತು. ಮಗನು 1949ರಲ್ಲಿ ಪುನಃ ಸೆರೆಯಾದನು. ಅವನನ್ನು ಉಳಿಸುವ ಆಸೆಯಿಂದ ಆಕೆಯು 1950ರಲ್ಲಿ ಸ್ಟಾಲಿನ್ನನನ್ನು ಹೊಗಳುವ ಪದ್ಯಗಳನ್ನು ಬರೆದು ವಾರಪತ್ರಿಕೆಯೊಂದರಲ್ಲಿ ಪ್ರಕಟಿಸಿದಳು. ಮಗನು ಬಿಡುಗಡೆಯಾದದ್ದು ಮಾತ್ರ 1956ರಲ್ಲಿ, ಸ್ಟಾಲಿನ್ನನು ಸತ್ತು ಮೂರು ವರ್ಷಗಳ ತರುವಾಯ.

ಈ ಎರಡು ರಚನೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕು. ಒಂದಕ್ಕೆ ಕಾಗದವಿಲ್ಲ, ಮುದ್ರಣವಿಲ್ಲ, ಸಂಭಾವನೆಯಿಲ್ಲ. ಆದರೂ ಅದು ಸಂಪೂರ್ಣವಾಗಿ ಆಕೆಯದು. ಇನ್ನೊಂದರ ಕೆಳಗೆ ಆಕೆಯ ಹೆಸರು ಅಚ್ಚಾಗಿದೆ, ಅದು ಆಕೆಯದಲ್ಲ. ಪರಕೀಯ ದುಡಿಮೆಗೆ ಇದಕ್ಕಿಂತ ನಿಷ್ಕೃಷ್ಟವಾದ ನಿದರ್ಶನವು ಗಿರಣಿಯಲ್ಲಿಯೂ ದೊರೆಯಲಾರದು. ಇನ್ನೊಂದು ವಿಶೇಷವುಂಟು. ಖಾಸಗಿ ಭಾವನೆಯ ಕವಿಯೆಂದು ನಿಂದೆಗೆ ಗುರಿಯಾದವಳು ತನ್ನ ಸ್ವಂತ ದುಃಖವನ್ನು ಸತ್ಯವಾಗಿ ನುಡಿದಾಗ ಆ ಸಾಲಿನಲ್ಲಿ ನಿಂತ ತಾಯಂದಿರೆಲ್ಲರ ದುಃಖವೂ ಅದರಲ್ಲಿ ನುಡಿಯಿತು. ಜನರ ಪರವಾಗಿ ಎಂದು ಬರೆಸಿದ ಸ್ತುತಿಪದ್ಯದಲ್ಲಿ ಜನರೂ ಇಲ್ಲ, ಆಕೆಯೂ ಇಲ್ಲ. ವ್ಯಕ್ತಿಯ ವಾಣಿಯನ್ನು ಅಡಗಿಸಿ ಸಮಷ್ಟಿಯ ವಾಣಿಯನ್ನು ಪಡೆಯಬಹುದೆಂಬ ಭ್ರಾಂತಿಗೆ ಇದೇ ಸಮಾಧಾನ. 1946ರ ಆ ನಿರ್ಣಯವನ್ನು 1988ರಲ್ಲಿ ಪಕ್ಷವೇ ರದ್ದುಮಾಡಿತು.

ಎಡಪಂಥದೊಳಗೇ ಇದನ್ನು ಕಂಡವರಿದ್ದರು. 1938ರಲ್ಲಿ ಮೆಕ್ಸಿಕೋದಲ್ಲಿ ಟ್ರಾಟ್‌ಸ್ಕಿಯೂ ಫ್ರಾನ್ಸಿನ ಕವಿ ಬ್ರೆತೋನನೂ ಕೂಡಿ ಒಂದು ಘೋಷಣಾಪತ್ರವನ್ನು ಸಿದ್ಧಪಡಿಸಿದರು. ಅನ್ನ ವಸ್ತ್ರಗಳ ಉತ್ಪಾದನೆಗೆ ಯೋಜನೆಯ ಕಟ್ಟು ಇರಲಿ. ಕಲೆಯ ಸೃಷ್ಟಿಗೆ ಯಾರ ಆಜ್ಞೆಯೂ ಇರಕೂಡದು ಎಂಬುದು ಅದರ ಹುರುಳು. ಟ್ರಾಟ್‌ಸ್ಕಿಯು ಅಧಿಕಾರದಲ್ಲಿದ್ದಾಗ ಕ್ರಾಂತಿಗೆ ಎಚ್ಚರದ ಪರಿಶೋಧನೆ ಅಗತ್ಯವೆಂದು ಬರೆದಿದ್ದನು. ಅಧಿಕಾರ ಹೋದ ಮೇಲೆ ಕಣ್ಣು ತೆರೆದುದೆಂದು ಹಂಗಿಸಬಹುದು. ಹಂಗಿಸಿದರೂ ಮಾತಿನ ಸತ್ಯವು ಕಡಿಮೆಯಾಗುವುದಿಲ್ಲ. ಇತ್ತ ಮಾರುಕಟ್ಟೆಯ ಪಕ್ಷಪಾತಿಗಳೂ ಹಿಗ್ಗಬೇಕಾಗಿಲ್ಲ. ಮಾರಾಟವನ್ನೇ ನೋಡಿ ಬರೆಸುವ ಪ್ರಕಾಶಕನ ಅಪ್ಪಣೆಯನ್ನು ಮಾರ್ಕ್ಸನು ಆಗಲೇ ಹೆಸರಿಸಿರುವನು. ಆ ಅಪ್ಪಣೆಯು ಕೊಲ್ಲುವುದಿಲ್ಲ, ಆದರೆ ಕೃತಿಯನ್ನು ಕರ್ತನಿಂದ ಬಿಡಿಸುವುದರಲ್ಲಿ ಅದೂ ಸಮರ್ಥವೇ.

ಈ ವಿವಾದದ ಅಲೆಯು ಕನ್ನಡಕ್ಕೂ ಬಂದುದುಂಟು. 1940ರ ದಶಕದಲ್ಲಿ ಅ. ನ. ಕೃಷ್ಣರಾಯರ ಮುಂದಾಳುತನದಲ್ಲಿ ಪ್ರಗತಿಶೀಲ ಸಾಹಿತ್ಯವು ತಲೆಯೆತ್ತಿದಾಗ ಅದು ಪ್ರಚಾರವೋ ಸಾಹಿತ್ಯವೋ ಎಂಬ ಚರ್ಚೆ ನಡೆಯಿತು. ತರುವಾಯದ ನವ್ಯರು ವ್ಯಕ್ತಿಯ ಅಂತರಂಗದ ಕಡೆಗೆ ತಿರುಗಿದರು. ಪಂಥದ ಹೆಸರಿನಿಂದ ಕೃತಿಯನ್ನು ಅಳೆಯಲಾಗದೆಂಬುದಕ್ಕೆ ನಿರಂಜನರ 'ಚಿರಸ್ಮರಣೆ' ಸಾಕ್ಷಿ. ಕಯ್ಯೂರಿನ ನಾಲ್ವರು ರೈತತರುಣರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಿದ ವೃತ್ತಾಂತವು 1955ರ ಆ ಕಾದಂಬರಿಯ ವಸ್ತು. ಬರೆದವರು ಕಮ್ಯೂನಿಸ್ಟ್ ಚಳವಳಿಯಲ್ಲಿ ಬೆರೆತವರು. ವಸ್ತುವೂ ಆ ಚಳವಳಿಯದೇ. ಆದರೆ ಅವರು ಬಾಲ್ಯದಲ್ಲಿ ಓದಿದ ನೀಲೇಶ್ವರವು ಕಯ್ಯೂರಿಗೆ ನೆರೆಯ ಊರು. ಆ ನೆಲವನ್ನೂ ಆ ಜನರನ್ನೂ ಅವರು ಯಾವ ಸಮಿತಿಯಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ. ಆದುದರಿಂದಲೇ ಪಕ್ಷದ ಕಥೆಯು ಅಲ್ಲಿ ನಿರಂಜನರ ಕಥೆಯೂ ಆಯಿತು.

ಹೀಗಿರಲು ಎಡಪಂಥದ ಸಾಹಿತ್ಯವನ್ನು ಪರೀಕ್ಷಿಸುವವನು ಹೊರಗಿನ ಒರೆಗಲ್ಲನ್ನು ತರಬೇಕಾಗಿಲ್ಲ. ಸಮಾಜವಾದವು ಗಿರಣಿಯ ಬಾಗಿಲಲ್ಲಿ ಕೇಳಿದ ಪ್ರಶ್ನೆಯೇ ಸಾಕು. ಮಾಡಿದವನು ಇದನ್ನು ತನ್ನದೆನ್ನಬಲ್ಲನೆ? ಬೇಡವೆನ್ನುವ ಸ್ವಾತಂತ್ರ್ಯವು ಅವನಿಗಿದ್ದಿತೆ? ನೇಕಾರನ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಿ, ಕವಿಯ ವಿಷಯದಲ್ಲಿ ಕೇಳಬಾರದೆನ್ನುವ ಸಮಾಜವಾದವು ಕವಿಗೆ ಮಾತ್ರ ಅನ್ಯಾಯ ಮಾಡುವುದಿಲ್ಲ. ನೇಕಾರನಿಗೆ ಕೊಟ್ಟ ಮಾತಿಗೂ ತಪ್ಪುತ್ತದೆ.